ಔಲ್‌ಫ್ಲೈಗೂ ಕೆರೆಗೂ ಏನು ಸಂಬಂಧ?

ಜಗಲಿಯ ದೀಪಕ್ಕೆ ಬಂದು ಕೂತ ಔಲ್‌ಫ್ಲೈ ಎಂಬ ಕೀಟವನ್ನು ನೋಡಿ ‘ಮೀಸೆ ಬಂದ ಏರೋಪ್ಲೇನ್ ಚಿಟ್ಟೆ, ತೋಟದ ಕೆರೆಯಲ್ಲಿ ಹುಟ್ಟಿದ್ದು’ ಎಂದು ತೀರ್ಪು ಕೊಡುವವರಿಗೆ ಮೂಡಿಗೆರೆ, ಕಳಸದ ಕಡೆ ಬರವಿಲ್ಲ. ಈ ಮಾತಿನ ಮೊದಲರ್ಧವನ್ನು ಕ್ಷಮಿಸಬಹುದು. ಸಪೂರ ಮೈ, ಜಾಲರಿ ರೆಕ್ಕೆ, ತಲೆ ತುಂಬ ಕಣ್ಣು, ಯಾರಾದರೂ ಏಮಾರುತ್ತಾರೆ. ಯುರೋಪಿನ ಒಂದು ಔಲ್‌ಫ್ಲೈಗೆ 1763ರಲ್ಲಿ ಹೆಸರಿಟ್ಟ ನಿಸರ್ಗವಿಜ್ಞಾನಿ ಸ್ಕೋಪೋಲಿಯೇ ಅದನ್ನು ನಿಜವಾದ ಚಿಟ್ಟೆಗಳ ಸಾಲಿಗೆ ಸೇರಿಸಿದ್ದ. ತುದಿ ಗುಂಡಗಾದ ಆ ಉದ್ದ ಮೀಸೆ ಚಿಟ್ಟೆಯದ್ದರ ಹಾಗೇ ಇದೆ ನೋಡಿ. ಏರೋಪ್ಲೇನ್ ಚಿಟ್ಟೆಯ ಮೀಸೆಯಾದರೋ ಕಣ್ಣಿಗೆ ಬಿದ್ದರೆ ಪುಣ್ಯ. ತಾಳ್ಮೆ ಕೆಡಿಸುವುದು ಆ ಕೆರೆ.

ಏರೋಪ್ಲೇನ್ ಚಿಟ್ಟೆಯ ಮರಿ ನೀರಲ್ಲಿ ಬೆಳೆಯುತ್ತದೆ, ಕೋಶಾವಸ್ಥೆ ಅದಕ್ಕಿಲ್ಲ. ಔಲ್‌ಫ್ಲೈ ಇರುವೆಸಿಂಹದ ದಾಯಾದಿ. ಅದರ ಮೊಟ್ಟೆ ಸಾಮಾನ್ಯವಾಗಿ ಕಡ್ಡಿಗಳ ಮೇಲೆ. ಮರಿ ನೆಲದ ದರಗಿನಲ್ಲೋ ಮರದ ತೊಗಟೆಯ ಮೇಲೋ ಚಪ್ಪಟೆಯಾಗಿ ಅಂಟಿಕೊಂಡು, ಕುಡುಗೋಲಿನಂಥ ಎರಡು ದವಡೆಗಳನ್ನು ಪೂರ್ತಿ ಅಗಲಿಸಿ ಕಾಯುತ್ತದೆ. ಇರುವೆಸಿಂಹದ ಮರಿಯಂತೆ ಗುಂಡಿ ತೋಡುವ ಉಸಾಬರಿಯೂ ಇಲ್ಲ. ಸುಳಿದ ಹುಳವನ್ನು ಕಚ್ಚಿಹಿಡಿದು, ದವಡೆಯ ಕೊಳವೆಯಿಂದಲೇ ರಸ ಹೀರುತ್ತದೆ. ಬಲಿತ ಮೇಲೆ ರೇಷ್ಮೆಗೂಡು ಕಟ್ಟಿ ಕೋಶವಾಗುತ್ತದೆ. ಇಷ್ಟರಲ್ಲಿ ಎಲ್ಲೂ ಒಂದು ಹನಿ ಕೆರೆನೀರು ಬೇಕಿಲ್ಲ. ‘ಕೆರೆ ಏರಿಯ ಮೇಲೇ ನೋಡಿದ್ದೀವಲ್ಲ’ ಎನ್ನುತ್ತಾರೆ. ನೋಡಿರಬಹುದು. ಮುಸ್ಸಂಜೆಯಲ್ಲಿ ಹಾರುತ್ತಲೇ ಬೇಟೆಯಾಡುವ ಕೀಟ ಹುಳಗಳೆದ್ದ ಕಡೆಗೆಲ್ಲ ಹೋಗುತ್ತದೆ, ದೀಪ ಕಂಡರೆ ದೀಪಕ್ಕೂ ಬರುತ್ತದೆ. ಹಾಗಂತ ಬಲ್ಬಿನಲ್ಲಿ ಹುಟ್ಟಿತು ಅನ್ನೋಣವೇ? ಹಗಲಲ್ಲಿ ಅದು ತಲೆ, ಮೀಸೆ, ರೆಕ್ಕೆಗಳನ್ನು ಒಣ ಕಡ್ಡಿಗೆ ಒತ್ತಿಕೊಂಡು, ಹೊಟ್ಟೆಯೊಂದನ್ನೇ ಹೊರಕ್ಕೆ ಚಾಚಿ ಕೂತಿರುತ್ತದೆ. ಕಡ್ಡಿಯ ಕವಲೆಂದೇ ಕಣ್ಣು ಅದನ್ನು ದಾಟಿ ಹೋಗುತ್ತದೆ. ದರಗು ಗುಡಿಸಿ, ಒಣ ಕಡ್ಡಿಯೆಲ್ಲ ಸವರಿ, ಕೆರೆ ತುಂಬಿದೆಯಲ್ಲ ಎಂದು ನೆಮ್ಮದಿಯಾಗಿರುವವರು ಅದರ ಮನೆಯನ್ನೇ ಎತ್ತಿ ಹೊರಗೆ ಹಾಕಿರುತ್ತಾರೆ.

ಮೀಸೆಯಿಂದ ಚುಚ್ಚುತ್ತದೆ ಎನ್ನುವುದೂ ಸುಳ್ಳು. ಮೊಬೈಲಿಗೆ ಫೋಟೊ ತೋರಿಸಿದರೆ ಜಾತಿ ಗೊತ್ತಾಗಿಬಿಡುತ್ತದೆ ಎಂಬ ಹೊಸ ಮೌಢ್ಯ ಬೇರೆ. ಜಾತಿ ಗುರುತಿಸಬೇಕಾದರೆ, ಕಣ್ಣಿನ ನಡುವೆ ಅಡ್ಡಗೆರೆಯಿದ್ದು ಅದು ಎರಡಾಗಿ ಸೀಳಿದಂತಿದೆಯೇ ಎಂಬುದು ಮೊದಲ ಪ್ರಶ್ನೆ. ಆಮೇಲೆ ಮೀಸೆಯ ಉದ್ದ, ರೆಕ್ಕೆಯ ನರಗಳು, ರೆಕ್ಕೆತುದಿಯ ಕಲೆ, ಗಂಡಿನ ಹೊಟ್ಟೆಯ ತುದಿ. ಬೆನ್ನಮೇಲಿಂದ ಹೊಡೆದ ಮಸುಕು ಚಿತ್ರದಲ್ಲಿ ಇವೆಲ್ಲ ಎಲ್ಲಿಂದ ಬರಬೇಕು? ಗ್ಲಿಪ್ಟೊಬೇಸಿಸ್, ಆಸ್ಕಲಾಫಸ್ ಎಂದು ಕುಲದ ಹೆಸರಿಗೇ ನಿಲ್ಲಿಸುವುದು ಮರ್ಯಾದೆ. ಹಾಗೆ ನಿಲ್ಲಿಸಿದವರನ್ನು ಕೇಳುವವರಿಲ್ಲ. ಪೂರ್ತಿ ಹೆಸರು ಬೇಕು, ಈಗಲೇ ಬೇಕು. ಯುರೋಪಿನ ಬಿಸಿಲಲ್ಲಿ ಹಾರುವ ಹಳದಿ ರೆಕ್ಕೆಯ ಜಾತಿಯ ಹೆಸರನ್ನೇ ಪರದೆ ತೋರಿಸಲಿ, ಅದು ಪಶ್ಚಿಮಘಟ್ಟದಲ್ಲಿದೆಯೇ ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.