ಎರಡು ಊರಿನ ಗಡಿಯಾರ

ಪ್ರಶ್ನೆ: ಇಂಡಿಯ ವೇಳೆಯ ಜೊತೆಗೆ ಮಗಳಿರುವ ನ್ಯೂಜೆರ್ಸಿಯ ವೇಳೆಯನ್ನೂ ತೋರಿಸುವ ಗಡಿಯಾರವನ್ನು ಆರ್ಡುಯಿನೋದಲ್ಲಿ ಮಾಡಿದೆ. ನವೆಂಬರ್‌ನಲ್ಲಿ ಒಂದು ಗಂಟೆ ತಪ್ಪಿತು, ಯಾಕೆ?
– ಓದುಗರು, ಇಂಡಿ

ಉತ್ತರ: ನಿಮ್ಮ ಪ್ರೋಗ್ರಾಮು ವರ್ಷವಿಡೀ ಒಂಬತ್ತೂವರೆ ಗಂಟೆ ಕಳೆಯುತ್ತಿರಬೇಕು. ಬೇಸಿಗೆಗೆ ಅದು ಸರಿ. ಅಮೆರಿಕದಲ್ಲಿ 2007ರಿಂದ ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಮಿಕ್ಕ ಕಾಲ ಅಂತರ ಹತ್ತೂವರೆ. ಆ ದಿನ ಪ್ರೋಗ್ರಾಮೇ ಒಂದು ಗಂಟೆ ಹಿಂದಿಟ್ಟರಾಯಿತಲ್ಲ ಎನ್ನಬಹುದು. ತೊಡಕಿರುವುದೇ ಅಲ್ಲಿ: ನವೆಂಬರ್‌ನ ಆ ಭಾನುವಾರ ಬೆಳಗಿನ ಜಾವ ಎರಡಕ್ಕೆ ವೇಳೆ ಒಂದಕ್ಕೆ ಮರಳುವುದರಿಂದ 1:30 ಎರಡು ಸಲ ಬರುತ್ತದೆ. ವೇಳೆ ಎಣಿಸುವ ಚಿಪ್‌ನಲ್ಲಿ ನ್ಯೂಜೆರ್ಸಿಯ ವೇಳೆಯನ್ನೇ ಇಟ್ಟು, ನಡುವೆ ಕರೆಂಟು ಹೋಗಿ ಬಂದರೆ (ನಮ್ಮ ಕಡೆ ಹೋಗದೆ ಇದ್ದೀತೇ!) ಇದು ಮೊದಲನೆಯ ಒಂದೂವರೆಯೋ ಎರಡನೆಯದೋ ಅದಕ್ಕೆ ತಿಳಿಯದು, ಮತ್ತೊಮ್ಮೆ ಹಿಂದೆ ಸರಿದುಬಿಡಬಹುದು. ಆದ್ದರಿಂದ ಡಿಎಸ್3231 ಚಿಪ್‌ನಲ್ಲಿ ಯುಟಿಸಿ (ಜಾಗತಿಕ ಪ್ರಮಾಣ ವೇಳೆ) ಮಾತ್ರ ಇರಲಿ. ಪರದೆಗೆ ಬರೆಯುವಾಗಷ್ಟೇ ಇಂಡಿಗೆ 19,800 ಸೆಕೆಂಡು ಕೂಡಿಸಿ. ನ್ಯೂಜೆರ್ಸಿಗೆ ಚಳಿಗಾಲದಲ್ಲಿ 18,000, ಬೇಸಿಗೆಯಲ್ಲಿ 14,400 ಕಳೆಯಿರಿ.

ನಮ್ಮ 19,800ಕ್ಕಾದರೂ ಬದಲಾವಣೆ ಇಲ್ಲವಲ್ಲ ಎಂದು ಅದನ್ನು ಪ್ರೋಗ್ರಾಮಿನ ತುಂಬ ಚೆಲ್ಲಬೇಡಿ, ಒಂದೇ ಕಡೆ ಬರೆದಿಡಿ. ಅದು ಸೂರ್ಯ ಕೊಟ್ಟ ಅಂಕಿಯಲ್ಲ: ಇಂಡಿ, ಬಸವನ ಬಾಗೇವಾಡಿಗಳಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12:26ಕ್ಕೆ, ಸಿಂದಗಿ, ಮುದ್ದೇಬಿಹಾಳದಲ್ಲಿ ಒಂದು ನಿಮಿಷದಷ್ಟೇ ಮೊದಲು. ಅದು ಸರಕಾರದ ಅಂಕಿ. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಇಲ್ಲೂ ಗಡಿಯಾರ ಒಂದು ಗಂಟೆ ಮುಂದೆ ಓಡಿತ್ತು.