ಹುಣಸೆ ‘ಇಂಡಿಕಾ’, ಆನೆ ‘ಇಂಡಿಕಸ್’
ಪ್ರಶ್ನೆ: ಬಂಡೀಪುರದ ಆನೆಗೆ ‘ಎಲಿಫಸ್ ಮ್ಯಾಕ್ಸಿಮಸ್ ಇಂಡಿಕಸ್’, ಹುಣಸೆಗೆ ‘ಟ್ಯಾಮರಿಂಡಸ್ ಇಂಡಿಕಾ’. ಯಾಕೆ ಹೀಗೆ?
– ಓದುಗರು, ಮದ್ದೂರು, ಗುಂಡ್ಲುಪೇಟೆ ತಾ.

ಉತ್ತರ: ಲ್ಯಾಟಿನ್ನಿನಲ್ಲಿ ಗುಣವಾಚಕವು ನಾಮಪದದ ಲಿಂಗವನ್ನೇ ಹಿಡಿಯುತ್ತದೆ, ಸಂಸ್ಕೃತದಲ್ಲಿರುವಂತೆ. ಪುಲ್ಲಿಂಗಕ್ಕೆ ಇಂಡಿಕಸ್, ಸ್ತ್ರೀಲಿಂಗಕ್ಕೆ ಇಂಡಿಕಾ, ನಪುಂಸಕಕ್ಕೆ ಇಂಡಿಕಮ್. ನಿಮ್ಮ ಹೊಲದ ಎಳ್ಳು ‘ಸೆಸಮಮ್ ಇಂಡಿಕಮ್’. ಹಾಗಾದರೆ ‘ಅಸ್’ ಎಂದು ಮುಗಿಯುವ ಟ್ಯಾಮರಿಂಡಸ್ ಗಂಡಲ್ಲವೇ? ಅಲ್ಲ. ರೋಮನ್ನರಿಗೆ ಮರಗಳು ಬಹುಪಾಲು ಹೆಣ್ಣು. 1753ರಲ್ಲಿ ಹುಣಸೆಗೆ ಈ ಹೆಸರಿಟ್ಟ ಸಸ್ಯವಿಜ್ಞಾನಿ ಲಿನೇಯಸ್ ಆ ರೂಢಿಯಂತೆಯೇ ನಡೆದ. ‘ಭಾರತದ’ ಎಂಬರ್ಥದ ‘ಇಂಡಿಕಾ’ ಪದದ ಬೇರು ನಮ್ಮದೇ ಸಿಂಧು. ಪರ್ಷಿಯನ್ನರ ಬಾಯಲ್ಲಿ ಹಿಂದು, ಗ್ರೀಕರಲ್ಲಿ ಇಂಡಿಕೊಸ್. ಟ್ಯಾಮರಿಂಡಸ್ ಬಂದದ್ದು ಅರಬ್ಬಿಯ ‘ತಮರ್ ಹಿಂದಿ’ಯಿಂದ, ಅಂದರೆ ಭಾರತದ ಖರ್ಜೂರ. ಹೀಗೆ ಒಂದೇ ಹೆಸರಲ್ಲಿ ಭಾರತ ಎರಡು ಸಲ! ಮರದ ತವರು ಮಾತ್ರ ಆಫ್ರಿಕಾ.