ಅರಿವಳಿಕೆಯ ಬಳಿಕ ಶರೀರದಲ್ಲಿ ಉಳಿಯುವುದೇನು?

ನಾಗಪುರದ ಬಳಿಯ ಬುಟಿಬೋರಿಯಂತಹ ಕೈಗಾರಿಕಾ ಪ್ರದೇಶಗಳಲ್ಲಿ ಯಂತ್ರಕ್ಕೆ ಕೈ ಸಿಲುಕಿದ ಕಾರ್ಮಿಕನಿಗೆ ಕೆಲವೊಮ್ಮೆ ಒಂದೇ ತಿಂಗಳಲ್ಲಿ ಎರಡು ಮೂರು ಶಸ್ತ್ರಚಿಕಿತ್ಸೆಗಳು ಅಗತ್ಯವಾಗುತ್ತವೆ. ಅದೂ ಬೇರೆ ಬೇರೆ ಆಸ್ಪತ್ರೆಗಳಲ್ಲಿ. ಹಿಂದಿನ ಸಲ ಉಸಿರಿನೊಡನೆ ಕೊಟ್ಟ ಅರಿವಳಿಕೆ ಯಾವುದೆಂಬ ಪ್ರಶ್ನೆ ಆಗ ಮಹತ್ವದ್ದು.

ಈ ಆವಿಯ ಬಹುಪಾಲು ಬಂದ ದಾರಿಯಲ್ಲೇ, ಶ್ವಾಸಕೋಶದ ಮೂಲಕ, ಹೊರಟುಹೋಗುತ್ತದೆ. ಕೊಬ್ಬಿನಲ್ಲಿ ಕರಗಿದ ಅಂಶ ನಿಧಾನವಾಗಿ ಹೊರಬೀಳುತ್ತದೆ. ಸ್ವಲ್ಪ ಭಾಗವನ್ನು ಯಕೃತ್ತು ಒಡೆಯುತ್ತದೆ. 1956ರಲ್ಲಿ ಬಳಕೆಗೆ ಬಂದ ಹ್ಯಾಲೋಥೇನಿನಲ್ಲಿ ಹೀಗೆ ಒಡೆಯುವ ಪಾಲು ಸುಮಾರು ಶೇಕಡಾ 20, ಸೆವೋಫ್ಲುರೇನಿನಲ್ಲಿ 2ರಿಂದ 5, ಐಸೋಫ್ಲುರೇನಿನಲ್ಲಿ 0.2, ಡೆಸ್‌ಫ್ಲುರೇನಿನಲ್ಲಿ ಕೇವಲ 0.02. ಹ್ಯಾಲೋಥೇನಿನಿಂದ ಹುಟ್ಟಿದ ಟ್ರೈಫ್ಲುರೋಅಸಿಟಿಕ್ ಆಮ್ಲವೂ ಬ್ರೋಮೈಡೂ ದೇಹದಿಂದ ಪೂರ್ತಿಯಾಗಿ ತೊಲಗಲು ವಾರಗಳೇ ಹಿಡಿಯುತ್ತವೆ. ‘ಮತ್ತಿನ ವಿಷ’ವಿಳಿಸಲು ಕಷಾಯ ಕುಡಿಸುವ ಹಿರಿಯರುಂಟು, ಅದರಿಂದ ಈ ಅವಧಿ ತಗ್ಗದು.

ನಿಜವಾದ ಅಪಾಯ ಬೇರೆಡೆ ಇದೆ. ಒಡೆಯುವಾಗ ಹುಟ್ಟುವ ಕ್ರಿಯಾಶೀಲ ತುಣುಕು ಯಕೃತ್ತಿನ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಅಪರೂಪಕ್ಕೆ ಕೆಲವರ ದೇಹ ಅವನ್ನು ಪರಕೀಯವೆಂದೆಣಿಸಿ ಪ್ರತಿಕಾಯಗಳನ್ನು ಸೃಷ್ಟಿಸುತ್ತದೆ. ಅಂಥವರಿಗೆ ಹ್ಯಾಲೋಥೇನನ್ನು ಪುನಃ ಕೊಟ್ಟರೆ ಕೆಲವು ದಿನಗಳಲ್ಲಿ ಜ್ವರ, ಕಾಮಾಲೆ ಕಾಣಿಸಿಕೊಂಡು ಯಕೃತ್ತೇ ಕುಸಿಯಬಹುದು. ಎರಡು ಪ್ರಯೋಗಗಳ ನಡುವಿನ ಅಂತರ ಕಿರಿದಾದಷ್ಟೂ ಭಯ ಹೆಚ್ಚು. ಐಸೋಫ್ಲುರೇನ್, ಡೆಸ್‌ಫ್ಲುರೇನುಗಳೂ ಅದೇ ಬಗೆಯ ತುಣುಕನ್ನು ಅತ್ಯಲ್ಪವಾಗಿ ಹುಟ್ಟಿಸುತ್ತವೆ, ಸೆವೋಫ್ಲುರೇನ್ ಹುಟ್ಟಿಸುವುದಿಲ್ಲ. ಅದರ ಫ್ಲೋರೈಡ್ ಒಂದೆರಡು ದಿನಗಳಲ್ಲಿ ಇಳಿದುಹೋಗುತ್ತದೆ.

ಹ್ಯಾಲೋಥೇನಿನ ಬಳಕೆ ಇಂದು ಬಹಳ ಕುಗ್ಗಿದೆ. ಆದರೂ ಬಿಡುಗಡೆಯ ದಿನ ಅರಿವಳಿಕೆಯ ಹೆಸರನ್ನು ಬರೆಸಿಕೊಂಡು ಆ ಕಾಗದವನ್ನು ಜೋಪಾನವಾಗಿಡತಕ್ಕದ್ದು. ಹಿಂದೆ ಶಸ್ತ್ರಚಿಕಿತ್ಸೆಯ ತರುವಾಯ ಕಾಮಾಲೆಯಾಗಿದ್ದರೆ, ಮುಂದಿನ ಅರಿವಳಿಕೆ ತಜ್ಞರಿಗೆ ಅದನ್ನು ಮೊದಲೇ ತಿಳಿಸತಕ್ಕದ್ದು.